ಎಡಗೈ ಹುಡುಗಿಯ ಕತ್ತರಿ

ಕೋಲಾರ
ಭಾನುವಾರ, 9 ಫೆಬ್ರವರಿ 2025

ತಾಜು,

ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಕಾಗದ ಬಂದರೆ ಕೌಸರ್ ಓದಿ ಹೇಳುತ್ತಾಳೆ ಅಂತ ಬರೆಯುತ್ತಿದ್ದೇನೆ. ಮಗಳೇ ಕೌಸರ್, ಅಮ್ಮನಿಗೆ ನೋವಾಗುತ್ತೆ ಅಂತ ಒಂದು ಸಾಲನ್ನೂ ಹಾರಿಸಬೇಡ.

ತಪ್ಪು ನನ್ನದು. ನನ್ನ ಕಥೆಯಿಂದ ನಿನ್ನ ಕೌಸರ್‌ಗೆ ವೇಮಗಲ್ ಗಾರ್ಮೆಂಟ್ಸ್ ಕೆಲಸ ಹೋಯಿತು. ಅವಳು ಹೊಲಿದ ಅಂಗಿಯನ್ನು ಸೂಪರ್‌ವೈಸರ್ ಅವಳ ಮುಖಕ್ಕೆ ಎಸೆದದ್ದು ನಿಜ. ಅದನ್ನು ಎತ್ತಿಕೊಂಡು, ಹೊಲಿಗೆ ಬಿಚ್ಚಿ, ಬಾಯಿ ಮುಚ್ಚಿಕೊಂಡು ಮತ್ತೆ ಹೊಲಿದೆ ಅಂತ ಅವಳೇ ನನಗೆ ಹೇಳಿದ್ದಳು. ನನ್ನ ಕಥೆಯ ನೂರಿ ಹಾಗೆ ಮಾಡುವುದಿಲ್ಲ. ಕತ್ತರಿ ಎತ್ತಿ ಅವನ ಟೇಬಲ್ಲಿಗೆ ಚುಚ್ಚುತ್ತಾಳೆ, ಹೊಲಿಗೆ ಲೈನಿನ ಹೆಂಗಸರೆಲ್ಲ ಎದ್ದು ನಿಲ್ಲುತ್ತಾರೆ. ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ, ಎಡಗೈ ಬದಲಾಯಿಸಲಿಲ್ಲ. ಆ ಲೈನಿನಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿಯುವವಳು ಒಬ್ಬಳೇ. ಪತ್ರಿಕೆಯಲ್ಲಿ ಬಂದ ಕಥೆಯನ್ನು ಯಾರೋ ಫೋನಿನಲ್ಲಿ ಹಂಚಿದರು, ಸೂಪರ್‌ವೈಸರ್ ಓದಿದ, ಅವಳನ್ನು ಹೊರಗೆ ಹಾಕಿಸಿದ. ಮೂವತ್ತು ವರ್ಷ ಬರೆದವಳು ಮಾಡುವ ತಪ್ಪಾ ಇದು?

ಚಳವಳಿಯ ಜಾಥಾಗಳಲ್ಲಿ ನಮಗೆ ಕಲಿಸಿದ್ದೇ ಹೀಗೆ ಕತ್ತರಿ ಎತ್ತಿಸುವುದನ್ನು. ಬೀದಿ ನಾಟಕದ ಕೊನೆಯಲ್ಲಿ ಬಿದ್ದವರು ಎದ್ದು ಮುಷ್ಟಿ ಎತ್ತಬೇಕು. ತಮಟೆ ನಿಂತ ಮೇಲೆ ನಾವು ವ್ಯಾನ್ ಹತ್ತುತ್ತಿದ್ದೆವು. ಮಾರನೆಯ ದಿನ ಆ ಜನ ಯಾರ ಹೊಲಕ್ಕೆ ಕೂಲಿಗೆ ಹೋದರು ಅಂತ ತಿರುಗಿ ನೋಡಲಿಲ್ಲ.

ನೋಡುವುದನ್ನು ಕಲಿಸಿದವಳು ನೀನು. ಹಳೇ ಕರಪತ್ರಗಳ ಹಿಂಬದಿಯಲ್ಲಿ ಬರೆದದ್ದನ್ನು ಮುಳಬಾಗಿಲಿಗೆ ತಂದು ನಿನ್ನ ಹೊಲಿಗೆ ಮಷಿನ್ ಪಕ್ಕ ಕೂತು ಓದುತ್ತಿದ್ದೆ. ಕಥೆ ನಿಜವಾದ ಕಡೆ ಮಷಿನ್ ತುಳಿಯುವ ನಿನ್ನ ಕಾಲು ನಿಲ್ಲುತ್ತಿತ್ತು. ನಾನು ಭಾಷಣಕ್ಕಿಳಿದರೆ ಮಷಿನ್ ಇನ್ನೂ ಜೋರು. "ಅಕ್ಕಾ, ಇದು ಮೈಕ್ ಮುಂದೆ ಹೇಳೋ ಮಾತು. ಅಡುಗೆಮನೇಲಿ ಯಾರ್ ಹಿಂಗ್ ಮಾತಾಡ್ತಾರೆ?" ಅನ್ನುತ್ತಿದ್ದೆ ನೀನು. ಮಷಿನ್ ನಿಲ್ಲದ ಪುಟಗಳನ್ನು ನಾನು ಅಲ್ಲೇ ಹರಿದು ಹಾಕುತ್ತಿದ್ದೆ. ಈ ಕತ್ತರಿ ಕಥೆಯೊಂದನ್ನು ಮಾತ್ರ ನಿನಗೆ ಓದಲಿಲ್ಲ. ಪತ್ರಿಕೆಯವರು ಅವಸರ ಮಾಡಿದರು, ನನಗೆ ಮಂಡಿನೋವು, ಬಸ್ಸು ಹತ್ತಲಾಗಲಿಲ್ಲ.

ಗುರುವಾರ ಫ್ಯಾಕ್ಟರಿಗೆ ಹೋಗಿದ್ದೆ. ಕತ್ತರಿ ಎತ್ತಿದ್ದು ನಾನು ಕಟ್ಟಿದ ಮಾತು, ಹುಡುಗಿ ಏನೂ ಮಾಡಿಲ್ಲ ಅಂತ ಮ್ಯಾನೇಜರಿಗೆ ಹೇಳಿದೆ. ಅವನು ನಕ್ಕ. "ಮೇಡಂ, ವೇದಿಕೆ ಮೇಲೆ ನಾನ್ ಬರೆಯೋದೆಲ್ಲ ಸತ್ಯ ಅಂತೀರ, ಇಲ್ಲಿ ಬಂದು ಸುಳ್ಳು ಅಂತೀರ. ಯಾವ್ದು ನಂಬ್ಲಿ?" ಅಂದ. ಎಷ್ಟು ಗೇಟುಗಳ ಮುಂದೆ ಕೂಗಿದ್ದೇನೆ ತಾಜು. ಅವತ್ತು ಎದ್ದು ಗೇಟು ದಾಟಿ ಬಂದೆ. ಹೊರಗೆ ಕಲ್ಲಿನ ಮೇಲೆ ಕೂತು, ನೀರು ಕುಡಿದು ವಾಪಸ್ ಬಂದೆ. ಕೆಲಸ ಕೊಡಿಸಲಾಗಲಿಲ್ಲ.

ಕಥೆಯನ್ನು ಹೊಸ ಪುಸ್ತಕದಿಂದ ತೆಗೆಸಿದ್ದೇನೆ. ಪ್ರಕಾಶಕ ಭೀಮರಾಜ್ "ಅಕ್ಕಾ, ಪುಸ್ತಕದ ಹೆಸರೇ ಅದು, ಮುಖಪುಟ ಪ್ರಿಂಟಾಗೋಗಿದೆ" ಅಂತ ಗೋಳಾಡಿದ. ಆಗಲಿ ಬಿಡು ಅಂದೆ. ಬೇರೆ ಬರೆಯುತ್ತಿದ್ದೇನೆ. ಅಂಗಿ ಎತ್ತಿಕೊಳ್ಳಲು ಬಗ್ಗಿದ ಬೆನ್ನನ್ನು ಬರೆಯುವುದು ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತಿದೆ. ಕತ್ತರಿ ಎತ್ತಿಸುವುದು ಸಲೀಸು. ಹನ್ನೊಂದು ಸಲ ಬರೆದೆ, ಸಾಕಾಗಿದೆ. ಕೌಸರ್, ನೀನು ಬೇಡ ಅಂದರೆ ಇದೂ ಒಲೆಗೆ ಹೋಗುತ್ತದೆ.

ನಿನ್ನ ಮಷಿನ್ ಪಕ್ಕದಲ್ಲಿ ಬರೆಯಲು ಕಲಿತ,
ಭಾರತಕ್ಕ

ಮರೆತ ಮಾತು: ಮರೆತಿರಲಿಲ್ಲ, ಬಚ್ಚಿಟ್ಟಿದ್ದೆ. ಬಸ್ಸು ಹತ್ತಲಾಗಲಿಲ್ಲ ಅಂದದ್ದು ಸುಳ್ಳು. ದಸರಾ ಮುಗಿದ ಮರುವಾರ ಆ ಕಥೆಯನ್ನು ಚೀಲದಲ್ಲಿಟ್ಟುಕೊಂಡು ನಿನ್ನ ಬಾಗಿಲವರೆಗೂ ಬಂದಿದ್ದೆ. ಒಳಗೆ ಮಷಿನ್ ಓಡುತ್ತಿತ್ತು. ಕತ್ತರಿಯ ಪುಟಕ್ಕೆ ಅದು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಾಗೇ ತಿರುಗಿ ಹೋಗಿ ಪತ್ರಿಕೆಗೆ ಅಂಚೆ ಹಾಕಿದೆ. ಶನಿವಾರ ಹೊಸದನ್ನು ತರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ಕೂತು ಓದುತ್ತೇನೆ. ಮಷಿನ್ ಸದ್ದು ಅಲ್ಲಿಗೂ ಕೇಳಿಸುತ್ತದೆ.