ಮೂವತ್ತು ಮೀಟರಿನ ಅಮಲು

ಮಾರ್ಚ್ ೧೪, ಶನಿವಾರ. ಅನಿಲಾವ್ ಕಡಲತೀರ.

ಆಮ್ಲಜನಕ ಹೆಚ್ಚು, ನೈಟ್ರೋಜನ್ ಕಡಿಮೆ ಇರುವ ಸಿಲಿಂಡರ್ ಕಟ್ಟಿಕೊಂಡರೆ ಸಮುದ್ರದ ಆಳದಲ್ಲಿ ನೈಟ್ರೋಜನ್‌ನಿಂದ ತಲೆಗೆ ಅಮಲೇರುವುದಿಲ್ಲ ಎಂದು ನಂಬಿದ್ದೆ. ಅದು ಸುಳ್ಳಾಯಿತು.

ಇವತ್ತು ಅದನ್ನೇ ಕಟ್ಟಿಕೊಂಡು, ಡೈವಿಂಗ್ ಗೈಡ್ ಕೆಲಸ ಕಲಿಸುವ ಇಸ್ಕೊ ಅಣ್ಣನ ಜೊತೆ ಮೂವತ್ತು ಮೀಟರಿಗೆ ಇಳಿದೆ. ತಲೆ ನೆಟ್ಟಗಿದೆಯೇ ಎಂದು ನೋಡಲು ನಾವು ಬೆರಳು ತೋರಿಸುತ್ತೇವೆ. ಎದುರಿನವರು ಒಂದು ಹೆಚ್ಚಿಗೆ ತೋರಿಸಬೇಕು. ಅವನು ಮೂರು ಬೆರಳು ತೋರಿಸಿದ. ನಾನು ಆ ಬೆರಳುಗಳನ್ನು ಹಿಡಿದುಕೊಂಡು ನಕ್ಕೆ. ಅವನು ತೋಳು ಹಿಡಿದು ಮೇಲಕ್ಕೆ ಕರೆತಂದ.

ದೋಣಿ ಹತ್ತಿದ ಮೇಲೆ, “ಏನೇ ಲುಸಿಂಗ್, ಮದುವೆ ಮನೆ ಅಂದ್ಕೊಂಡ್ಯಾ ಅದನ್ನ?” ಎಂದ.

“ಆಮ್ಲಜನಕ ಜಾಸ್ತಿ ಇತ್ತಲ್ಲ ಅಣ್ಣಾ...”

“ಅದೂ ನೈಟ್ರೋಜನ್ ಥರಾನೇ ತಲೆಗೇರುತ್ತೆ ಅಂತಾರೆ. ನನಗಂತೂ ಯಾವತ್ತೂ ವ್ಯತ್ಯಾಸ ಕಂಡಿಲ್ಲ. ಗೈಡ್‌ಗೇ ಅಮಲೇರಿದ್ರೆ ಬಂದೋರ ಗತಿ ಏನು? ಇನ್ಮೇಲೆ ಹದಿನೆಂಟು ಮೀಟರ್‌ಗಿಂತ ಕೆಳಗೆ ನೀನು ಇಳೀಬೇಡ.”

ತಲೆಯಾಡಿಸಿದೆ. ಅವನು ಹೇಳಿದ್ದು ಸರಿ. ಉಳಿದವರು ಒಟ್ಟಿಗೆ ಅನ್ನ, ಸುಟ್ಟ ಮೀನು ತಿನ್ನುವಾಗ ನಾನು ದೋಣಿಯ ಹಿಂದುಗಡೆ ಕೂತು ಸಿಲಿಂಡರ್ ತೊಳೆದೆ. ಕರೆದರು, ಹಸಿವಿಲ್ಲ ಎಂದೆ. ಯಾಕೆ ಹಾಗೆ ಹೇಳುತ್ತೇನೋ.

ಮೇಲೆ, ಜನರ ನಡುವೆ ನನಗೆ ಮಾತೇ ಬರುವುದಿಲ್ಲ. ಆ ಆಳದಲ್ಲಿ ಮಾತ್ರ ಬೆನ್ನ ಹಿಂದೆ ನನ್ನವರು ಯಾರೋ ಇದ್ದಾರೆ ಅನ್ನಿಸುತ್ತದೆ. ಅಮಲೆಂದು ಗೊತ್ತು, ಅಪಾಯವೆಂದೂ ಗೊತ್ತು. ಹೊಸ ಸಿಲಿಂಡರ್ ಅದನ್ನು ಕಿತ್ತುಕೊಂಡೀತೆಂದು ಬೆಳಿಗ್ಗೆ ಹೆದರಿದ್ದೆ. ಅದು ಕಿತ್ತುಕೊಳ್ಳಲಿಲ್ಲ.

ಹದಿನೆಂಟು ಮೀಟರಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಯಾರೂ ಇರುವುದಿಲ್ಲ.