ಇಪ್ಪತ್ತರಲ್ಲಿ ಮೂರು

ಮಾರ್ಚ್ ೪
ಬೆಳಿಗ್ಗೆಯಿಂದ ಒಂದೇ ಕೆಲಸ — ಮೇಲಿನ ಸಾಲಿನ ಕಟ್ಟು ಹಲ್ಲು ಮಾಡುವುದು. ಬಣ್ಣ ಹೊಂದುತ್ತಿಲ್ಲ. ಹಲ್ಲಿನ ಡಾಕ್ಟರು ಬರೆದು ಕಳಿಸಿದ್ದು "ಸ್ವಲ್ಪ ಹಳದಿ" ಅಂತ. ಎಷ್ಟು ಸ್ವಲ್ಪ? ಟೀ ಕುಡಿಯುವವರ ಹಳದಿಯೋ, ಸಿಗರೇಟಿನದೋ? ಯಾರ ಬಾಯಿ ಎಂದು ನನಗೆ ಯಾವತ್ತೂ ತಿಳಿಯುವುದಿಲ್ಲ. ಕೊರಿಯರ್‌ನವನು ಡಬ್ಬಿ ತರುತ್ತಾನೆ, ಡಬ್ಬಿ ಒಯ್ಯುತ್ತಾನೆ. ಇವತ್ತು ಮಾತಾಡಿದ್ದು ಅವನೊಬ್ಬನ ಹತ್ತಿರ. ಅವನು "ಸೈನ್" ಅಂದ. ನಾನು "ಹ್ಞೂಂ" ಅಂದೆ.
ಸಂಜೆ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಅಸ್ಥಿಮಜ್ಜೆ ಬದಲಿಸಿದ ಮೇಲೆ ಇದೊಂದು ಮಾಮೂಲು.

ಮಾರ್ಚ್ ೧೨, ಮಧ್ಯಾಹ್ನ
ಆಸ್ಪತ್ರೆಯ ಲ್ಯಾಬಿನಿಂದ ಫೋನು. ಹೊಸ ಹುಡುಗಿ.
"ಮೇಡಂ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಸ್ಯಾಂಪಲ್ ಅದಲುಬದಲಾಗಿದೆ. ಇದು ಗಂಡಸಿನ ರಕ್ತ. ವೈ ಕ್ರೋಮೋಸೋಮ್ ಇದೆ. ನಾಲ್ಕೈದು ಸೆಲ್ ನೋಡಿ ನಿಲ್ಲಿಸಿಬಿಟ್ಟೆ."
"ಅದು ನಮ್ಮಣ್ಣ," ಅಂದೆ.
"ಅಣ್ಣನ ರಕ್ತ ಯಾಕೆ ಕೊಟ್ರಿ ಮೇಡಂ?"
ನಗು ತಡೆಯಲಾಗಲಿಲ್ಲ. ನನ್ನೊಳಗಿರುವುದು ಅಣ್ಣನ ಮಜ್ಜೆ, ರಕ್ತ ಹುಟ್ಟುವುದು ಅದರಿಂದಲೇ. ಆ ವಿಷಯ ಚೀಟಿಯಲ್ಲಿ ಬರೆಯುವುದನ್ನು ಡಾಕ್ಟರು ಮರೆತಿದ್ದಾರೆ. ನಾನೇ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಫೋನ್ ಇಡುತ್ತಾಳೆ. "ಇನ್ನೊಂದ್ಸಲ ಬಂದು ಕೊಡ್ತೀರಾ? ನಾನೇ ಇರ್ತೀನಿ," ಅಂದಳು. ಯಾರೋ ಒಬ್ಬರು ಬಾ ಅಂದರಲ್ಲ! ಹೋಗುತ್ತೇನೆ.

ಮಾರ್ಚ್ ೧೩
ಹೋಗಿದ್ದೆ. ನೋಯದ ಹಾಗೆ ಸೂಜಿ ಚುಚ್ಚಿದಳು. ಊಟ ಆಯ್ತಾ ಎಂದು ಕೇಳಿದಳು.
ನನಗೆ ರಕ್ತದ ಕ್ಯಾನ್ಸರ್ ಶುರುವಾದಾಗ ಡಾಕ್ಟರು ಲಕೋಟೆಯ ಹಿಂದೆ ಚಿತ್ರ ಬರೆದು ತೋರಿಸಿದ್ದರು. ಒಂಬತ್ತನೆಯ ಕ್ರೋಮೋಸೋಮ್, ಇಪ್ಪತ್ತೆರಡನೆಯದು — ಎರಡೂ ಮುರಿದು, ತುದಿ ಅದಲುಬದಲು ಮಾಡಿಕೊಂಡಿವೆ; ಇಪ್ಪತ್ತೆರಡನೆಯದು ಗಿಡ್ಡವಾಗಿದೆ. ಬೆಸೆದ ಜಾಗದಲ್ಲಿ ಎರಡು ಜೀನ್‌ಗಳ ತುಂಡು ಸೇರಿ ಹೊಸದೊಂದು ಜೀನ್. ಅದಕ್ಕೆ ಬರುವುದು ಒಂದೇ ಮಾತು: ಹೆಚ್ಚು, ಹೆಚ್ಚು. "ಹುಟ್ಟಿನಿಂದ ಬಂದಿದ್ದಲ್ಲ, ನಿಮ್ಮ ತಪ್ಪೂ ಅಲ್ಲ. ಎಲ್ಲೋ ಒಂದೇ ಒಂದು ಸೆಲ್‌ನಲ್ಲಿ ಎಡವಟ್ಟಾಗಿದೆ," ಅಂದರು. ಇಬ್ಬರ ಹಲ್ಲಿನ ಸೆಟ್ಟು ಅದಲುಬದಲಾದ ಹಾಗೆ. ಹಲ್ಲಾದರೆ ಬೈದುಕೊಂಡು ವಾಪಸ್ ತರುತ್ತಾರೆ.
ಮಾತ್ರೆಗಳು ಕೆಲವು ಕಾಲ ನಡೆಸಿಕೊಟ್ಟವು, ಆಮೇಲೆ ಕೈಕೊಟ್ಟವು. ಮಜ್ಜೆ ಹೊಂದಿದ್ದು ಅಣ್ಣನದು ಮಾತ್ರ. ನಾನು ಗಂಡನ ಮನೆ ಬಿಟ್ಟು ಬಂದಾಗಿನಿಂದ ನಮಗೆ ಮಾತಿಲ್ಲ. ಗಂಡ ಅವನ ಜೀವದ ಗೆಳೆಯ. ಆದರೂ ಅಣ್ಣ ಬಂದ, ಮಜ್ಜೆ ಕೊಟ್ಟ, ಹೋದ. ನನ್ನ ಮುಖವನ್ನೂ ನೋಡಲಿಲ್ಲ. ಮೊದಲೇ ಇಬ್ಬರದೂ ಒಂದೇ ಹಟ. ಈಗ ರಕ್ತವೂ ಒಂದೇ.

ಮಾರ್ಚ್ ೨೭
"ಮೇಡಂ, ಸಿಕ್ತು!" ಲ್ಯಾಬಿನ ಹುಡುಗಿ.
"ಈ ಸಲ ಬಿಡಲೇ ಇಲ್ಲ, ಪೂರ್ತಿ ಇಪ್ಪತ್ತು ಸೆಲ್ ನೋಡ್ದೆ. ಹದಿನೇಳು ಮತ್ತೆ ಗಂಡಸಿಂದೇ, ಅದೇನು ಬೆರಕೆಯೋ ದೇವರಿಗೇ ಗೊತ್ತು. ಆದ್ರೆ ಮೂರು ನಿಮ್ದು ಮೇಡಂ. ನಿಮ್ಮ ಸ್ವಂತದ್ದು!"
ಎಷ್ಟು ಖುಷಿ ಅವಳಿಗೆ. ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟೆ.
"ಆ ಮೂರರಲ್ಲಿ ಇಪ್ಪತ್ತೆರಡನೇದು ಒಂದು ಗಿಡ್ಡ ಇದೆಯಾ?"
ಕಾಗದ ತಿರುವಿದ ಸದ್ದು. ಆಮೇಲೆ, "ಇದೆ... ನಿಮಗೆ ಹೇಗೆ ಗೊತ್ತು?"
ಆಗ ಎಲ್ಲ ಹೇಳಿದೆ, ಆ ಗಿಡ್ಡದ್ದೇ ನನ್ನ ಕಾಯಿಲೆ ಎಂದು. ಅತ್ತುಬಿಟ್ಟಳು ಪಾಪ. ನಾನೇ ಸಮಾಧಾನ ಮಾಡಬೇಕಾಯಿತು. ನೀನು ನನ್ನದನ್ನು ಹುಡುಕುತ್ತಾ ಇಪ್ಪತ್ತೂ ನೋಡದೆ ಹೋಗಿದ್ದರೆ ಇದು ಇಷ್ಟು ಬೇಗ ಗೊತ್ತೇ ಆಗುತ್ತಿರಲಿಲ್ಲ ಅಂದೆ.
ಎಲ್ಲರೂ ತಮ್ಮವರು ಬರಲಿ ಎಂದು ಕಾಯುತ್ತಾರೆ. ನನ್ನವು ವಾಪಸ್ ಬಂದರೆ ನಾನು ಸಾಯುತ್ತೇನೆ. ಹೆದರಿಕೆಯಾಗುತ್ತಿದೆ. ಯಾರಿಗಾದರೂ ಹೇಳೋಣವೆಂದರೆ ಯಾರಿದ್ದಾರೆ.

ಮಾರ್ಚ್ ೩೦
ಡಾಕ್ಟರು: "ನಿಮ್ಮಣ್ಣನಿಂದ ಇನ್ನೊಂದು ಸಲ ಬಿಳಿ ರಕ್ತಕಣ ತಗೋಬೇಕು. ಅವು ನಿಮ್ಮ ಕೆಟ್ಟ ಸೆಲ್‌ಗಳನ್ನ ಗುರುತು ಹಿಡಿದು ಹೊಡೀತವೆ." ಅಣ್ಣನಿಗೆ ಒಪ್ಪುವ ಕೆಲಸವೇ — ನನ್ನ ಮೇಲೆ ಜಗಳಕ್ಕೆ ಬರುವುದು.
"ಮೊದಲು ನೀವೇ ಮಾತಾಡಿ," ಅಂದರು. ಸುಲಭಕ್ಕೆ ಹೇಳಿಬಿಟ್ಟರು.

ಏಪ್ರಿಲ್ ೨
ಫೋನ್ ಮಾಡಲಿಲ್ಲ.

ಏಪ್ರಿಲ್ ೩
ಇವತ್ತೂ ಇಲ್ಲ. ನಾಳೆ.

ಏಪ್ರಿಲ್ ೫
ಮಾಡಿದೆ. ಎತ್ತಿದ್ದು ಅತ್ತಿಗೆ.
"ನೀನಾ..." ಅಂದರು. "ಅವರು ಹೋಗಿಬಿಟ್ರು ಕಣೇ. ಚಳಿಗಾಲದಲ್ಲೇ. ಎದೆ ನೋವು ಅಂದ್ರು, ಆಸ್ಪತ್ರೆ ಮುಟ್ಟೋಕೂ ಆಗ್ಲಿಲ್ಲ."
"ನನಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"
"ನೀನು ಆಗತಾನೆ ಚೇತರಿಸ್ಕೋತಿದ್ದೆ. ಹೇಳೋಣ, ಹೇಳೋಣ ಅಂತ ದಿನ ತಳ್ಳಿದೆ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"
ಯಾಕೆ ಫೋನ್ ಮಾಡಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಏಪ್ರಿಲ್ ೧೬
ಡಬ್ಬಿಗಳು ಬಿಚ್ಚದೆ ಬಿದ್ದಿವೆ. ಹಲ್ಲಿನ ಡಾಕ್ಟರು ಎರಡು ಸಲ ಬೈದರು. ಬೈಯಲಿ.
ಅಣ್ಣನಿಗೆ ಮಕ್ಕಳಿಲ್ಲ. ಅವನದೆಂದು ಜೀವ ಇರುವುದು ಈಗ ನನ್ನ ಮೂಳೆಯೊಳಗೆ ಮಾತ್ರ. ನನ್ನವು ಅವನನ್ನು ಅಲ್ಲಿಂದಲೂ ಹೊರಗೆ ದಬ್ಬುತ್ತಿವೆ. "ಅದು ನಮ್ಮಣ್ಣ" ಎಂದು ನಾನು ನಕ್ಕಾಗ ಅವನು ಆಗಲೇ ಇರಲಿಲ್ಲ. ತುಂಬಾ ಅತ್ತೆ.

ಏಪ್ರಿಲ್ ೧೮
ಮಜ್ಜೆ ವಿಭಾಗದ ಹಿರಿಯ ನರ್ಸ್ ಫೋನ್ ಮಾಡಿದ್ದರು. ಫ್ರೀಜರಿನಲ್ಲಿ ಒಂದು ಚೀಲ ಬಿಳಿ ರಕ್ತಕಣ ಇದೆಯಂತೆ. ಅಣ್ಣನದು.
"ಅವರು ಮಜ್ಜೆ ಕೊಟ್ಟ ದಿನ ಬೇಕಾದ್ದಕ್ಕಿಂತ ಜಾಸ್ತಿ ತೆಗೆದಿಟ್ಟಿದ್ವಿ. ಅವರೇ ಹೇಳಿದ್ದು — ಜಾಸ್ತೀನೇ ತಗೊಳ್ಳಿ ಸಿಸ್ಟರ್, ಅವಳು ಹಟಮಾರಿ, ಸತ್ರೂ ಇನ್ನೊಂದ್ಸಲ ನನ್ನ ಕೇಳೋಳಲ್ಲ ಅಂತ."
ಒಂದೇ ಚೀಲ. ಕೆಲಸ ಮಾಡಬಹುದು, ಮಾಡದೆಯೂ ಇರಬಹುದು.

ಏಪ್ರಿಲ್ ೨೪, ಬೆಳಿಗ್ಗೆ ೧೦.೪೦
ಎಡಗೈಗೆ ಹಾಕಿದ್ದಾರೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಫ್ರೀಜರಿನಲ್ಲಿ ಕೆಡದಂತೆ ಬೆರೆಸಿದ ಔಷಧಿಗೆ ಬೆಳ್ಳುಳ್ಳಿ ವಾಸನೆ. ಬಾಯಿ ತುಂಬ ಅದೇ. ಅಂಗೈಯಷ್ಟು ಚೀಲ. ಮೇಲೆ ಅವನು ಹುಟ್ಟಿದ ದಿನ ಬರೆದಿದೆ. ಪಕ್ಕದ ಕುರ್ಚಿ ಖಾಲಿ. ಅರ್ಧಕ್ಕೂ ಹೆಚ್ಚು ಇಳಿದುಹೋಗಿದೆ.
ಸ್ವಲ್ಪ ನಿಧಾನ ಮಾಡಬಹುದಾ ಎಂದು ನರ್ಸನ್ನು ಕೇಳಿದೆ.
"ಯಾಕಮ್ಮ, ಉರೀತಿದೆಯಾ?"
ಇಲ್ಲ ಅಂದೆ. ಉರಿ ಏನಿಲ್ಲ. ಸುಮ್ಮನೆ, ಇನ್ನೊಂದು ಸ್ವಲ್ಪ ಹೊತ್ತು ಅವನು ಜೊತೆಗಿರಲಿ ಅಂತ.