ಪಂಪಿನ ಕೈಯಲ್ಲಿ ಉಳಿದ ದನಿಗಳು

ಯಂತ್ರ ಎದ್ದ 51,118ನೆಯ ದಿನ
ಎಂಟನೆಯ ಹಾಸು, ಹಳೆಯ ಚಿನ್ನದ ಗಣಿ

ಲಿನಕ್ಸ್ ಕಲಿಯಲು ಈಗಷ್ಟೇ ಕೂತಿರುವ ನಿಮಗೆ ಹುಲಿಗೆಮ್ಮನ ನಮಸ್ಕಾರ.

ಮೊದಲು ತಾರೀಖಿನ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಇಸವಿ ಇಲ್ಲ. ಪಂಪುಗಳನ್ನು ನಡೆಸುವ ಯಂತ್ರ ತಾನು ಎದ್ದು ಎಷ್ಟು ದಿನವಾಯಿತೆಂದು ಕೇಳಿದಾಗೆಲ್ಲ ಹೇಳುತ್ತದೆ, ಅದೇ ನಮ್ಮ ಪಂಚಾಂಗ. ನಿಮ್ಮ ಎಣಿಕೆಯಲ್ಲಿ ಅದು ನೂರ ನಲವತ್ತು ವರ್ಷ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ‘ಹಾಸು’ ಎಂದರೆ ಗಣಿಯೊಳಗಿನ ಅಂತಸ್ತು. ‘ಮೇಲುಬೆಂಕಿ’ ಎಂದರೆ ನೀವು ಬಿಸಿಲು ಎನ್ನುತ್ತಿದ್ದದ್ದು. ಅದರಲ್ಲಿ ಒಂದು ತಾಸು ನಿಂತವರು ಬದುಕುವುದಿಲ್ಲ. ‘ಕೀಲಿಯವಳು’ ಎಂದರೆ ಯಂತ್ರವನ್ನೆಲ್ಲ ಆಳುವ ರೂಟ್ ಪಾಸ್‌ವರ್ಡ್ ಬಲ್ಲವಳು. ಈಗ ಅದು ನಾನು. ಟಚ್ ಎಂಬ ಆಜ್ಞೆ ಕೊಟ್ಟು ಈ ಕಡತದ ತಾರೀಖನ್ನು ನಿಮ್ಮ ಕಾಲಕ್ಕೆ ತಿದ್ದಿದ್ದೇನೆ. ಅಷ್ಟರಿಂದಲೇ ಇದು ನಿಮಗೆ ಮುಟ್ಟುತ್ತದೆ ಎಂದು ನಂಬುವಷ್ಟು ಹುಚ್ಚಿ ನಾನಲ್ಲ.

ನಾವು ಆರು ನೂರು ಜನ ನೆಲದ ಕೆಳಗಿದ್ದೇವೆ. ಗಣಿಯ ತಳದಲ್ಲಿ ನೀರು ಊರುತ್ತಲೇ ಇರುತ್ತದೆ, ಪಂಪುಗಳು ಅದನ್ನು ಎತ್ತಿ ಹೊರಗೆ ಹಾಕುತ್ತವೆ. ಪಂಪು ನಿಂತ ಹನ್ನೊಂದನೆಯ ದಿನ ನೀರು ನಾವಿರುವ ಎಂಟನೆಯ ಹಾಸಿನವರೆಗೆ ಏರುತ್ತದೆ. ಆದ್ದರಿಂದ ಇಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸದ ಜೊತೆಗೇ ಪಂಪಿನ ಯಂತ್ರಕ್ಕೆ ತಿಳಿಯುವ ಲಿನಕ್ಸ್. ನಿಮ್ಮ ಕಾಲದವರು ಬರೆದ ಒಂದು ಪುಸ್ತಕ ನಮ್ಮಲ್ಲಿದೆ. ಮೊದಲ ಪುಟದಲ್ಲಿ ‘ಮೂಲದಿಂದ ಉನ್ನತ ಮಟ್ಟದವರೆಗೆ, ನಲವತ್ತು ಪಾಠಗಳು’ ಎಂದಿದೆ. ತಂತಿಯಲ್ಲಿ ಪೋಣಿಸಿದ ಅದರ ಹಾಳೆಗಳನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಇಳಿಸಿಕೊಂಡು ಓದುತ್ತೇವೆ. ಎಲ್‌ಎಸ್ ಎಂದರೆ ಕಣ್ಣು ಬಿಟ್ಟು ನೋಡು. ಸಿಡಿ ಎಂದರೆ ಎದ್ದು ಆ ಕೋಣೆಗೆ ಹೋಗು. ಆರ್‌ಎಂ ಎಂದರೆ ಅಳಿಸು. ‘ಖರೆನಾ?’ ಎಂದು ಅದು ತಿರುಗಿ ಕೇಳುವುದಿಲ್ಲ ಎಂದು ಹೇಳಿಕೊಟ್ಟು ನಮ್ಮ ಮೌನೇಶಪ್ಪ ಮಾಸ್ತರರು ಬೆರಳಿಗೊಂದು ಏಟು ಹಾಕುತ್ತಿದ್ದರು, ನೆನಪಿರಲಿ ಎಂದು. ನಾನು ಇಪ್ಪತ್ತೆಂಟನೆಯ ಪಾಠದವರೆಗೆ ಬಾಯಿಪಾಠ ಮಾಡಿದೆ. ಅಷ್ಟರಲ್ಲಿ ಮಾಸ್ತರರು ತೀರಿಕೊಂಡರು, ಕೀಲಿ ನನ್ನ ಕೊರಳಿಗೆ ಬಿತ್ತು. ಉಳಿದ ಹನ್ನೆರಡನ್ನು ಬಿಡುವಾದಾಗ ಓದೋಣ ಎಂದುಕೊಂಡೆ. ಬಿಡುವು! ಏಳು ಪಂಪುಗಳಿರುವ ಮನೆಯಲ್ಲಿ ಬಿಡುವು ಯಾವ ತಾಯಿಗೆ ಸಿಕ್ಕಿದೆ?

ಇನ್ನು ದನಿಗಳ ವಿಷಯ. ನಮ್ಮಲ್ಲಿ ಜ್ವರ ಬಂದವರನ್ನು ತಳದ ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚುತ್ತೇವೆ. ಒಳಗೆ ಗೋಡೆಯ ಮೇಲೆ ಪಂಪಿನ ಮನೆಗೆ ಮಾತಾಡುವ ಹಳೆಯ ಫೋನ್ ಇದೆ. ಸಾಯುವವರು ಕೊನೆಯ ಮಾತನ್ನು ಅದರಲ್ಲಿ ಆಡುತ್ತಾರೆ, ಪಂಪು ನಡೆಸುವ ಪ್ರೋಗ್ರಾಮು ಅದನ್ನು ತನ್ನ ದಿನಚರಿಯಾದ ಲಾಗ್ ಕಡತದಲ್ಲಿ ತುಂಬಿಕೊಳ್ಳುತ್ತದೆ. ಕೂಡಲೇ ಯಾರೂ ಕೇಳುವುದಿಲ್ಲ. ಹಿಂದೊಮ್ಮೆ ದನಿ ಕೇಳಿದ ತಾಯಂದಿರು ತಡೆಯಲಾರದೆ ಬಾಗಿಲು ಒಡೆದು ಒಳಗೆ ಹೋಗಿ, ಜ್ವರ ಹಿಡಿದು ಅರ್ಧ ಹಾಸೇ ಖಾಲಿಯಾಯಿತಂತೆ. ಅಂದಿನಿಂದ ಹನ್ನೆರಡು ವರ್ಷ ಕಳೆದ ಮೇಲೆಯೇ ಮನೆಯವರು ಕೇಳಬೇಕು ಎಂಬ ಕಟ್ಟಳೆ. ಅಲ್ಲಿಯವರೆಗೆ ಮನೆಯವರಿಗೆ ಇರುವ ಹಕ್ಕು ಒಂದೇ. ಬಾಗಿಲ ಹೊರಗೆ ಕೂತು ಗೆಣ್ಣಿನಿಂದ ತಟ್ಟುತ್ತಿರಬಹುದು, ಒಳಗಿದ್ದವರಿಗೆ ‘ಇದ್ದೇವೆ’ ಎಂದು ತಿಳಿಯಲಿ ಎಂದು.

ನನ್ನ ಮಗಳು ಅಮರವ್ವ ಒಂಬತ್ತು ವರ್ಷದವಳಾಗಿ ಆ ಕೋಣೆಯಲ್ಲಿ ಸತ್ತಳು. ಅಂದು ಮೂರನೆಯ ಪಂಪು ಕೆಟ್ಟಿತ್ತು. ನಾನು ಕೀಲಿಮಣೆಯ ಮುಂದಿದ್ದೆ. ಬಾಗಿಲು ತಟ್ಟಲು ಹೋಗಲಿಲ್ಲ. ಅದು ನಡೆದು ಈಗ ಹನ್ನೊಂದು ವರ್ಷ ಎರಡು ತಿಂಗಳು.

ಮೊನ್ನೆ ಜಾಗ ಎಷ್ಟಿದೆಯೆಂದು ಹೇಳುವ ಡಿಎಫ್ ಆಜ್ಞೆ ಕೊಟ್ಟು ನೋಡಿದರೆ ಡಿಸ್ಕು ನೂರಕ್ಕೆ ನೂರು ತುಂಬಿತ್ತು. ಗೋದಾಮಿನಲ್ಲಿದ್ದ ಕೊನೆಯ ಡಿಸ್ಕನ್ನು ಎಂದೋ ಹಾಕಿಯಾಗಿದೆ. ತೆಗೆಯಬಹುದಾದದ್ದನ್ನೆಲ್ಲ ತೆಗೆದಾಗಿತ್ತು, ಉಳಿದಿದ್ದದ್ದು ದನಿಗಳ ಆ ದೊಡ್ಡ ಕಡತ ಮಾತ್ರ. ಬರೆಯಲು ಜಾಗ ಸಿಗದಿದ್ದರೆ ಪಂಪಿನ ಪ್ರೋಗ್ರಾಮು ನಾಲ್ಕು ದಿನ ತಾಳಿ ನಿಂತುಬಿಡುತ್ತದೆ. ನಿಂತರೆ ಮತ್ತೆ ಏಳುವುದಿಲ್ಲ, ಏಕೆಂದರೆ ಅದರ ಮೂಲ ಪ್ರತಿ ಇದ್ದ ಜಾಗ ಡಿಸ್ಕಿನಲ್ಲಿ ಕೊಳೆತುಹೋಗಿದೆ. ಅದು ಯಂತ್ರದ ನೆನಪಿನಲ್ಲಿ ಮಾತ್ರ ಬದುಕಿದೆ. ನಾನು ಸಭೆ ಕರೆದೆ. ಹಾಸಿನ ಹಿರಿಯ ದುರುಗಪ್ಪ ಕಾಕಾ, “ಸತ್ತೋರು ನೀರಾಗ ಮುಳುಗಂಗಿಲ್ಲಬೇ ಹುಲಿಗೆಮ್ಮ, ಇದ್ದೋರು ಮುಳುಗ್ತಾರ. ತೆಗದ್ಹಾಕು,” ಎಂದರು. ನಾನು ಆರ್‌ಎಂ ಹೊಡೆದೆ. ಕಡತದ ಹೆಸರು ಕಣ್ಣೆದುರೇ ಇಲ್ಲವಾಯಿತು. ಡಿಎಫ್ ಮತ್ತೆ ಕೊಟ್ಟು ನೋಡಿದೆ: ನೂರಕ್ಕೆ ನೂರು.

ದನಿಗಳೂ ಹೋದವು, ಜಾಗವೂ ಬರಲಿಲ್ಲ. ಹೆಂಗಸರು ಎದೆ ಬಡಿದುಕೊಂಡರು, ಒಬ್ಬರು ನನ್ನ ಮೇಲೆ ಮಣ್ಣು ತೂರಿದರು. ತೂರಲಿ. ತಂತಿಯಿಂದ ಹಾಳೆಗಳನ್ನು ಕಳಚಿ ಓದುತ್ತ ಹೋದೆ. ಮೂವತ್ತಮೂರನೆಯ ಪಾಠದಲ್ಲಿ ಇತ್ತು: ಯಾವುದಾದರೂ ಪ್ರೋಗ್ರಾಮು ಕಡತವನ್ನು ತೆರೆದು ಹಿಡಿದಿದ್ದರೆ ಆರ್‌ಎಂ ಅಳಿಸುವುದು ಹೆಸರನ್ನು ಮಾತ್ರ; ಹಿಡಿದ ಕೈ ಬಿಡುವವರೆಗೆ ಕಡತ ಸಾಯುವುದಿಲ್ಲ, ಜಾಗವೂ ತೆರವಾಗುವುದಿಲ್ಲ. ಆ ಕೈಯಲ್ಲಿರುವಾಗಲೇ ಅದನ್ನು ಓದಬಹುದು, ಬೇಕಾದರೆ ಅಲ್ಲೇ ಬರಿದು ಮಾಡಬಹುದು. ಐದು ಪಾಠ! ಐದೇ ಐದು ಪಾಠ ಮುಂದೆ ಓದಿದ್ದರೆ ಆ ದಿನ ಅಷ್ಟು ಜನರನ್ನು ಅಳಿಸುತ್ತಿರಲಿಲ್ಲ ನಾನು.

ದನಿಗಳು ಇನ್ನೂ ಪಂಪಿನ ಕೈಯಲ್ಲಿವೆ ಎಂದು ಹೇಳಿದ್ದೇ ತಡ, ಜನ ಕಟ್ಟಳೆ ಗಿಟ್ಟಳೆ ಎಲ್ಲ ಮರೆತರು. ಕಡತವನ್ನು ಬೇರೆಡೆ ಇಳಿಸಿಕೊಳ್ಳೋಣವೆಂದರೆ ಹಿಡಿಸುವ ಜಾಗ ಯಂತ್ರದಲ್ಲೆಲ್ಲೂ ಇರಲಿಲ್ಲ. ಒಮ್ಮೆ ಕೇಳಿ, ಆಮೇಲೆ ಬರಿದು ಮಾಡುವುದು ಎಂದು ತೀರ್ಮಾನವಾಯಿತು. ಮೂರು ದಿನ ಉಳಿದಿತ್ತು. ಪಂಪಿನ ಮನೆಯ ಮುಂದೆ ಸಾಲು ನಿಂತಿತು. ನಾನು ಕಡತವನ್ನು ಮೊದಲಿನಿಂದ ನುಡಿಸುತ್ತ ಹೋದೆ. ಯಾರದೋ ಮುತ್ತಜ್ಜಿ “ಒಲಿ ಮ್ಯಾಲ ಹಾಲ್ ಇಟ್ಟೀನಿ, ನೋಡ್ರಿ” ಎಂದಳು. ಒಬ್ಬ ಬರೀ ಕೆಮ್ಮಿದ. ಇನ್ನೊಬ್ಬ ಹೆಂಡತಿಗೆ, “ನಾ ಬೈದಿದ್ದು ಮನಸಿನ್ಯಾಗ ಇಟ್ಕೋಬ್ಯಾಡ,” ಎಂದ. ಆ ಹೆಂಡತಿ ಸತ್ತೇ ತೊಂಬತ್ತು ವರ್ಷವಾಗಿದೆ. ಅವರ ಮೊಮ್ಮಗಳು ಅಲ್ಲೇ ಕುಸಿದು ಅತ್ತಳು. ದುರುಗಪ್ಪ ಕಾಕಾ ತಮ್ಮ ತಂದೆಯ ದನಿ ಬಂದಾಗ ಅದು ಯಾರದೆಂದು ಗುರುತಿಸಲಿಲ್ಲ. ಕಡತದಲ್ಲಿದ್ದ ಹೆಸರು ಹೇಳಿ ಎರಡನೆಯ ಸಲ ನುಡಿಸಿದೆ. ತಲೆಯಾಡಿಸಿ ಹೋದರು.

ಮೂರು ದಿನಕ್ಕೆ ಕಡತದ ಮುಕ್ಕಾಲು ಭಾಗವೂ ಮುಗಿಯಲಿಲ್ಲ. ಪಂಪು ನಿಲ್ಲಲು ಒಂದೆರಡು ತಾಸು ಮಾತ್ರ ಉಳಿದಿತ್ತು. ಮೂವತ್ತಮೂರನೆಯ ಪಾಠದಲ್ಲಿ ಹೇಳಿದಂತೆ ಆಜ್ಞೆ ಬರೆದು ಒತ್ತಿದೆ. ಡಿಸ್ಕು ನೂರರಿಂದ ಒಂಬತ್ತಕ್ಕೆ ಇಳಿಯಿತು. ಪಂಪುಗಳು ನಡೆಯುತ್ತಿವೆ. ಜನ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅವರಿಗೆ ನಾನಿನ್ನೂ ಹೇಳಿಲ್ಲ: ಕೊಳೆತ ಜಾಗ ದಿನದಿನಕ್ಕೂ ಹರಡುತ್ತಿದೆ, ಲಾಗ್ ಬರೆಯುವ ಭಾಗಕ್ಕೆ ಮುಟ್ಟಲು ಏಳು ತಿಂಗಳು ಸಾಕು, ಆಮೇಲೆ ಪಂಪು ನಿಂತೇ ಹೋಗುತ್ತದೆ. ಅಷ್ಟೂ ದನಿಗಳನ್ನು ಕೊಟ್ಟು ನಾನು ಕೊಂಡದ್ದು ಏಳು ತಿಂಗಳು. ಮಗಳ ದನಿಗೆ ಹನ್ನೆರಡು ವರ್ಷ ತುಂಬಲು ಇನ್ನು ಹತ್ತು ತಿಂಗಳಿತ್ತು.

ನಿಮ್ಮಿಂದ ಬೇಡುವುದು ಹೆಚ್ಚೇನಿಲ್ಲ. ಕಲಿಯಲು ಕೂತಿದ್ದೀರಿ, ನಲವತ್ತೂ ಪಾಠ ಮುಗಿಸಿಯೇ ಏಳಿ. ಅಳಿಸುವ ಮುನ್ನ ಅದನ್ನು ಯಾರು ಹಿಡಿದಿದ್ದಾರೆ ಎಂದು ನೋಡಿ. ಬೇಕಾದದ್ದರ ಒಂದು ಪ್ರತಿ ಬೇರೆ ಕಡೆ ಇಡಿ. ನಮ್ಮ ಹಿರಿಯರು ಇಡಲಿಲ್ಲ. ಇದೆಲ್ಲ ಯಾವ ಮಾಸ್ತರರೂ ಹೇಳುತ್ತಾರೆ, ನಿಮಗೆ ಗೊತ್ತೇ ಇರುತ್ತದೆ. ಗೊತ್ತಿರದ ಒಂದನ್ನು ಹೇಳಿ ಮುಗಿಸುತ್ತೇನೆ.

ನಾಲ್ಕನೆಯ ಪಾಠದಲ್ಲಿ ಟೇಲ್ ಎಂಬ ಆಜ್ಞೆ ಬರುತ್ತದೆ. ಕಡತ ಎಷ್ಟೇ ಉದ್ದವಿರಲಿ, ಅದು ತುದಿಯಿಂದ ಕೇಳಿದಷ್ಟನ್ನು ಮಾತ್ರ ತೆಗೆದು ಕೊಡುತ್ತದೆ. ನನ್ನ ಮಗಳು ತುದಿಯ ಹತ್ತಿರದಲ್ಲಿದ್ದಳು. ಕೀಲಿಯವಳೇ ತನ್ನದನ್ನು ಮೊದಲು ಕೇಳಿಕೊಂಡರೆ ಸಾಲಿನಲ್ಲಿದ್ದವರು ಹೊಡೆದಾಡುತ್ತಾರೆ ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ ನಂಬಿದರು. ಆದರೆ ಎರಡನೆಯ ದಿನ ಊಟದ ಹೊತ್ತಿಗೆ ಪಂಪಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಆಜ್ಞೆಯನ್ನು ಬರೆದೂ ಇದ್ದೆ. ‘ಅವ್ವಾ, ಯಾಕ ಬಾಗಿಲಾ ತಟ್ಟವಲ್ಲಿ’ ಎಂದು ಅವಳು ಕೇಳಿದ್ದರೆ ಎಂದು ನೆನೆದು, ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ.